ಮೇಷ್ಟ್ರಾಗುವ ಮುಂಚೆ: ಸಂಜೆ ಪಾಠ ಹೇಳಿಕೊಡುವವರಿಗೆ ಕಿವಿಮಾತು

ಮಾನಸಗಂಗೋತ್ರಿಯಲ್ಲಿ ಎಂ.ಎಸ್‌ಸಿ., ಎಂ.ಎ. ಓದುತ್ತಾ ಸಂಜೆ ಹೊತ್ತು ಬಿ.ಎಸ್‌ಸಿ., ಪಿಯುಸಿ ಮಕ್ಕಳಿಗೆ ಪಾಠ ಹೇಳಿಕೊಡುವ ಹುಡುಗ ಹುಡುಗಿಯರು ಸರಸ್ವತಿಪುರಂ, ಕುವೆಂಪುನಗರದ ಕಡೆ ಎಷ್ಟೋ ಜನ ಸಿಗುತ್ತೀರಿ. ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು ಹೊಂದಿಸಲು ಹಿಡಿದ ಕೆಲಸ ಇರಬಹುದು. ಮುಂದೆ ಅಧ್ಯಾಪಕರಾಗುವ ಆಸೆ ಇದ್ದರೆ ಇದು ಬರೀ ಕೈಖರ್ಚಿನ ಕೆಲಸ ಅಲ್ಲ. ಜೀವಮಾನವೆಲ್ಲ ಗಣಿತ ಪಾಠ ಮಾಡಿದವನ ನಾಲ್ಕು ಮಾತು ಕೇಳಿ.

• ಉತ್ತರ ತಪ್ಪು ಅನ್ನುವುದನ್ನು ಯಾರು ಬೇಕಾದರೂ ಹೇಳಬಹುದು. ತಪ್ಪು ಎಲ್ಲಿ ಹುಟ್ಟಿತು ಅನ್ನುವುದು ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ. ಬಿ.ಎಸ್‌ಸಿ. ಮೊದಲನೇ ವರ್ಷದ ಹುಡುಗ ಇಂಟಿಗ್ರೇಷನ್ ಲೆಕ್ಕ ಮಾಡುತ್ತಿದ್ದಾನೆ ಅನ್ನಿ. ‘ಎಕ್ಸ್ ವರ್ಗ ಪ್ಲಸ್ ಒಂಬತ್ತು’, ಅದರ ವರ್ಗಮೂಲ ‘ಎಕ್ಸ್ ಪ್ಲಸ್ ಮೂರು’ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾನೆ. ನೀವು ಗೀಟು ಹಾಕಬೇಡಿ. ‘ಎಕ್ಸ್ ಇರೋ ಕಡೆ ನಾಲ್ಕು ಹಾಕಿ ನೋಡಪ್ಪ’ ಅನ್ನಿ, ಸಾಕು. ಒಂದು ಕಡೆ ಇಪ್ಪತ್ತೈದರ ವರ್ಗಮೂಲ ಐದು, ಇನ್ನೊಂದು ಕಡೆ ಏಳು. ಪೆನ್ನು ಅಲ್ಲೇ ನಿಲ್ಲುತ್ತದೆ. ಆಮೇಲೆ ಅವನ ಹಳೇ ನೋಟ್ಸ್ ತಿರುವಿ ನೋಡಿ. ಲಾಗ್ ಎ ಪ್ಲಸ್ ಬಿ ಬಂದಲ್ಲೂ, ಸೈನ್ ಎ ಪ್ಲಸ್ ಬಿ ಬಂದಲ್ಲೂ ಹೀಗೇ ಎರಡು ತುಂಡು ಮಾಡಿರುತ್ತಾನೆ. ಅವನಿಗೆ ಬಾರದಿರುವುದು ಇಂಟಿಗ್ರೇಷನ್ ಅಲ್ಲ, ಹೈಸ್ಕೂಲಿನ ಬೀಜಗಣಿತ. ತರಗತಿಯ ಅರವತ್ತು ಜನರ ನಡುವೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷ ಎರಡು ವರ್ಷ ಹೀಗೆ ಕಂಡವರು ತರಗತಿಗೆ ಹೋದರೆ, ಮೂರನೇ ಬೆಂಚಿನವನು ಯಾವ ಸಾಲಿನಲ್ಲಿ ಎಡವುತ್ತಾನೆ ಅಂತ ಬೋರ್ಡಿನ ಮೇಲೆ ಬರೆಯುವ ಮುಂಚೆಯೇ ಹೇಳಬಲ್ಲರು. ಬೇರೆಲ್ಲೂ ಇಷ್ಟು ಚೆನ್ನಾಗಿ ಇದನ್ನು ಕಲಿಯಲಾಗದು.

• ಆದ್ದರಿಂದ ನೂರು ಪುಟದ ಒಂದು ನೋಟ್‌ಬುಕ್ ಇಡಿ. ದಿನಾ ಕಂಡ ತಪ್ಪು, ಅದಕ್ಕೆ ಹುಡುಗ ಕೊಟ್ಟ ಕಾರಣ, ಯಾವ ಉದಾಹರಣೆಗೆ ಅವನು ‘ಹೌದಲ್ವಾ ಸಾರ್’ ಅಂದ, ಈ ಮೂರನ್ನೂ ಅವನ ಮಾತಿನಲ್ಲೇ ಬರೆದಿಡಿ. ಮಕ್ಕಳ ಹೆಸರು ಬೇಡ. ನಾಳೆ ಪಾಠಯೋಜನೆ ಬರೆಯಲು ಕೂತಾಗ ಗೈಡಿಗಿಂತ ಇದು ಹೆಚ್ಚು ನೆರವಿಗೆ ಬರುತ್ತದೆ.

• ಪೆನ್ನು ಹುಡುಗನ ಕೈಯಲ್ಲೇ ಇರಲಿ. ನೀವು ಚಕಚಕ ಬಿಡಿಸಿ ತೋರಿಸಿದರೆ ಅವನು ತಲೆಯಾಡಿಸುತ್ತಾನೆ, ಮನೆಗೆ ಹೋದ ಮೇಲೆ ಒಂದು ಸಾಲೂ ಬರುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ತಡೆದುಕೊಳ್ಳುವುದು ಹೊಸಬರಿಗೆ ಕಷ್ಟ, ಆದರೂ ತಡೆದುಕೊಳ್ಳಿ.

• ಎಚ್.ಡಿ. ಕೋಟೆ, ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳನ್ನು ವಿಶೇಷವಾಗಿ ನೋಡಿಕೊಳ್ಳಿ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಓದಿ, ಸೈನ್ಸ್ ತೆಗೆದುಕೊಂಡ ಕೂಡಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಎದುರಿಸಬೇಕಾದವರು ಇವರಲ್ಲಿ ಬಹಳ. ಛೇದ, ಗುಣಲಬ್ಧ, ವೇಗೋತ್ಕರ್ಷ ಎಲ್ಲ ಚೆನ್ನಾಗಿ ಗೊತ್ತಿರುತ್ತದೆ, ಪ್ರಶ್ನೆಪತ್ರಿಕೆಯ ವಾಕ್ಯ ಅರ್ಥವಾಗುವುದಿಲ್ಲ ಅಷ್ಟೆ. ಮೊದಲು ಕನ್ನಡದಲ್ಲಿ ವಿಷಯ ಹೇಳಿ, ಆಮೇಲೆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಅವರಿಂದಲೇ ಗಟ್ಟಿಯಾಗಿ ಓದಿಸಿ. ಇವರನ್ನು ದಡ್ಡರು ಅನ್ನುವವರು ಮೇಷ್ಟ್ರ ಕೆಲಸಕ್ಕೆ ಬರಲೇಬಾರದು.

• ಗೊತ್ತಿಲ್ಲದ್ದನ್ನು ‘ನಾಳೆ ನೋಡಿಕೊಂಡು ಬರ್ತೀನಿ’ ಅನ್ನಿ, ನಾಳೆ ಮರೆಯದೆ ಹೇಳಿ. ಅಸೈನ್‌ಮೆಂಟ್ ಬರೆದುಕೊಡಿ ಅಂತ ದುಡ್ಡು ಹಿಡಿದು ಬಂದರೆ ವಾಪಸು ಕಳಿಸಿ.

• ಸಂಜೆ ಪಾಠ ಕಲಿಸದ ವಿಷಯಗಳೂ ಇವೆ. ಕೊನೇ ಬೆಂಚಿಗೆ ಕೇಳುವ ದನಿ, ಬೋರ್ಡಿನ ಬರಹ, ಗಂಟೆ ಹೊಡೆಯುವುದರೊಳಗೆ ಪಾಠ ಮುಗಿಸುವ ಅಂದಾಜು, ಇವು ಇಬ್ಬರ ಮುಂದೆ ಕೂತು ಬರುವುದಿಲ್ಲ. ಡಿಪಾರ್ಟ್‌ಮೆಂಟಿನಲ್ಲಿ ಕೇಳಿಕೊಂಡು ಒಂದು ಖಾಲಿ ಕ್ಲಾಸ್‌ರೂಮ್ ತೆಗೆಸಿ, ಸ್ನೇಹಿತರನ್ನು ಹಿಂದೆ ಕೂರಿಸಿ, ಪಾಠ ಮಾಡಿ. ಇನ್ನೊಂದು ಅಪಾಯವೂ ಇದೆ. ಬ್ಯಾಕ್ ಪಾಸು ಮಾಡಿಸುವ ಗಡಿಬಿಡಿಯಲ್ಲಿ ‘ಇಂಪಾರ್ಟೆಂಟ್’ ಪ್ರಶ್ನೆಗಳನ್ನಷ್ಟೇ ಹೇಳಿಕೊಡುವ ಅಭ್ಯಾಸ ಬೆಳೆಯುತ್ತದೆ. ಅದನ್ನು ತರಗತಿಗೆ ಒಯ್ಯಬೇಡಿ.

• ‘ಇಷ್ಟು ವರ್ಷ ಪಾಠ ಹೇಳಿದ್ದೀನಿ, ಟ್ರೈನಿಂಗ್ ಯಾಕೆ?’ ಎಂದು ಕೇಳುವವರಿದ್ದಾರೆ. 1918ರಿಂದ 1921ರವರೆಗೆ ನಮ್ಮ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ರಾಧಾಕೃಷ್ಣನ್ ಅವರು, ಅದಕ್ಕೂ ಮುಂಚೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಕೆಲಸದಲ್ಲಿದ್ದಾಗ, 1910ರಲ್ಲಿ ಸೈದಾಪೇಟೆಯ ಶಿಕ್ಷಕರ ತರಬೇತಿ ಕಾಲೇಜಿಗೆ ಹೋಗಿ ಕಲಿತು ಬಂದವರು. ಅಂಥವರೇ ಕೂತು ಕಲಿತರು, ನಾವೆಷ್ಟರವರು! ನಿಮಗಂತೂ ದೂರ ಹೋಗಬೇಕಾಗಿಲ್ಲ. ಮಾನಸಗಂಗೋತ್ರಿಯ ಪಕ್ಕದಲ್ಲೇ 1963ರಲ್ಲಿ ಶುರುವಾದ ಎನ್‌ಸಿಇಆರ್‌ಟಿಯ ಆರ್‌ಐಇ ಇದೆ. ಅದಕ್ಕೇ ಸೇರಿದ ಡೆಮಾನ್‌ಸ್ಟ್ರೇಷನ್ ಸ್ಕೂಲ್ ಕೂಡ ಅಲ್ಲೇ ಇದೆ. ಬೇರೆ ಬಿ.ಇಡಿ. ಕಾಲೇಜುಗಳೂ ಊರಲ್ಲಿವೆ. ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ಹಿಂದೆ ಕೂತ ಹಿರಿಯರು ನಿಮ್ಮ ಪಾಠದ ತಪ್ಪು ಬರೆದುಕೊಳ್ಳುತ್ತಾರೆ. ನೀವು ಮಕ್ಕಳ ತಪ್ಪು ಬರೆದಿಟ್ಟಷ್ಟೇ ಶ್ರದ್ಧೆಯಿಂದ ಅದನ್ನು ಓದಿ.

• ಕಾಗದಪತ್ರದ ಮಾತು. 6ರಿಂದ 8ನೇ ತರಗತಿಗೆ ಪದವಿ, ಬಿ.ಇಡಿ. ಜೊತೆ ಟಿಇಟಿ ಬೇಕು. ಪಿಯು ಉಪನ್ಯಾಸಕರಿಗೆ ಸ್ನಾತಕೋತ್ತರ ಪದವಿ ಜೊತೆ ಬಿ.ಇಡಿ. ಕೇಳುತ್ತಾರೆ. ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆಸೆಟ್. ಎಲ್ಲಿಗೆ ಹೋಗಬೇಕೆಂದು ಎಂ.ಎಸ್‌ಸಿ. ಮುಗಿಯುವ ಮೊದಲೇ ನಿರ್ಧರಿಸಿಕೊಳ್ಳಿ. ಅದು ಗೊತ್ತಿಲ್ಲದೆ ಟ್ಯೂಷನ್ನಿನಲ್ಲೇ ವರ್ಷ ಕಳೆದವರು ಬಹಳ ಮಂದಿ.

• ಕೊನೆಯದಾಗಿ, ಶಾಲೆಯಲ್ಲಿ ಕೆಲಸ ಸಿಕ್ಕ ದಿನ ಮನೆಪಾಠ ನಿಲ್ಲಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಕಾನೂನಿನ ಮಾತು ಬಿಟ್ಟರೂ, ತರಗತಿಯಲ್ಲಿ ಅರೆಬರೆ ಹೇಳಿ ಉಳಿದದ್ದನ್ನು ಸಂಜೆ ದುಡ್ಡಿಗೆ ಹೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ. ಸಂಜೆ ಪಾಠದಲ್ಲಿ ಕಲಿತದ್ದನ್ನೆಲ್ಲ ಹಗಲಿನ ತರಗತಿಗೇ ಕೊಡಿ, ಫೀಸು ಕಟ್ಟಲಾಗದ ಮಕ್ಕಳೂ ಅಲ್ಲಿರುತ್ತಾರೆ.