ಟೈರಿಗಿಂತ ಮೊದಲು ದಾರಿಯನ್ನು ನೋಡಿ

ಮಲೆನಾಡಿನ ತೋಟದ ದಾರಿಗೂ ಹೆದ್ದಾರಿಗೂ ಒಂದೇ ಎಸ್‌ಯುವಿಯನ್ನು ಬಳಸುವವರು ಆಲ್-ಟೆರೇನ್ ಟೈರನ್ನು, ಅಂದರೆ ಡಾಂಬರು ಮತ್ತು ಕಚ್ಚಾ ನೆಲ ಎರಡಕ್ಕೂ ಹೊಂದುವಂತೆ ರೂಪಿಸಿದ ಟೈರನ್ನು, ಆರಿಸುವಾಗ ಅದರ ಒರಟು ನೋಟಕ್ಕೆ ಮರುಳಾಗದೆ ತಮ್ಮ ಓಡಾಟದ ಹೆಚ್ಚಿನ ಪಾಲು ಯಾವ ನೆಲದ ಮೇಲೆ ನಡೆಯುತ್ತದೆ ಎಂಬುದನ್ನು ಮೊದಲು ಲೆಕ್ಕಹಾಕಬೇಕು. ಟೈರಿನ ಮೇಲ್ಮೈಯ ತೋಡುಗಳು ಅಗಲವಾಗಿದ್ದಷ್ಟೂ ಮೆತ್ತಿದ ಕೆಸರು ಬೇಗ ಉದುರಿ ಹಿಡಿತ ಮರಳುತ್ತದೆ; ಆದರೆ ಡಾಂಬರಿಗೆ ತಾಗುವ ರಬ್ಬರಿನ ಪಾಲು ಕಡಿಮೆಯಾಗುವುದರಿಂದ ಸದ್ದು ಹೆಚ್ಚುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗಬಹುದು. ದಿನವೂ ಆಳವಾದ ಕೆಸರನ್ನೇ ದಾಟಬೇಕಾದವರನ್ನು ಬಿಟ್ಟರೆ ಉಳಿದವರಿಗೆ ಕೆಸರಿಗೆಂದೇ ರೂಪಿಸಿದ ಮಡ್-ಟೆರೇನ್ ಟೈರು ಅನಗತ್ಯ.

ಅಳತೆಯನ್ನು ಬದಲಿಸದಿರುವುದೇ ಒಳಿತು. ಮಾರುತಿ ಸುಜುಕಿ ಜಿಮ್ನಿಯ 195/80 ಆರ್15 ಎಂಬ ಗುರುತಿನಲ್ಲಿ 195 ಮಿಲಿಮೀಟರ್ ಟೈರಿನ ಅಗಲ, 80 ಎಂಬುದು ಆ ಅಗಲದ ಶೇಕಡಾವಾರಿನಲ್ಲಿ ಹೇಳಿದ ಪಕ್ಕದ ಗೋಡೆಯ ಎತ್ತರ, 15 ಅಂಗುಲ ರಿಮ್ಮಿನ ವ್ಯಾಸ. ಮೂಲ ಟೈರಿಗಿಂತ ಒಟ್ಟು ವ್ಯಾಸ ಹೆಚ್ಚಿರುವ ಟೈರು ಹಾಕಿದರೆ ವೇಗಮಾಪಕ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಹಣ ಕೊಡುವ ಮುನ್ನ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯ ತಯಾರಿಕೆಯ ಗುರುತನ್ನು, ಉದಾಹರಣೆಗೆ 2024ರ 23ನೆಯ ವಾರವನ್ನು ಸೂಚಿಸುವ 2324 ಎಂಬಂಥದ್ದನ್ನು, ಓದಿ ನೋಡಿ, ಹಳೆಯ ದಾಸ್ತಾನಾದರೆ ಬೇಡವೆನ್ನಿ.