ತುಂಬದ ಗುಂಡಿ, ಬತ್ತದ ಬಾವಿ: ಮುಂಗಡ ಕೊಡುವ ಮುನ್ನ

ಹಳೆಯ ಮನೆ ಕೊಳ್ಳುವವರು ಮೂಲಪತ್ರ, ಪಹಣಿ, ಋಣಭಾರ ಪ್ರಮಾಣಪತ್ರಗಳನ್ನು ವಕೀಲರಿಗೆ ತೋರಿಸಿ ಶುಲ್ಕ ಕೊಡುತ್ತಾರೆ. ಗೋಡೆ, ಮಾಡು, ಮರಮಟ್ಟು ನೋಡಲು ಪರಿಚಯದ ಮೇಸ್ತ್ರಿಯನ್ನು ಕರೆದೊಯ್ಯುತ್ತಾರೆ. ಬಾವಿಯ ಸರದಿ ಬಂದಾಗ ಮಾತ್ರ ಕೊಡಪಾನ ಇಳಿಸಿ, ಒಂದು ಗುಟುಕು ಕುಡಿದು, ‘ನೀರು ಸಿಹಿಯಿದೆ’ ಎಂದರೆ ಮುಗಿಯಿತು. ಶೌಚದ ಗುಂಡಿ ಎಲ್ಲಿದೆ ಎಂದು ಕೇಳುವವರೇ ಕಡಿಮೆ. ನಲ್ಲಿ ನೀರೂ ಒಳಚರಂಡಿಯೂ ಇಲ್ಲದ ಊರಿನಲ್ಲಿ, ಮನೆ ಕೊಂಡ ಮೇಲೆ ದೊಡ್ಡ ಖರ್ಚು ಎದುರಾಗುವುದು ಹೆಚ್ಚಾಗಿ ಈ ಎರಡು ಕಡೆಗಳಿಂದಲೇ.

ಉಡುಪಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹತ್ತು ಸೆಂಟ್ಸ್ ಜಾಗದ ಮನೆ ನೋಡಲು ಹೋದಾಗ ಈ ಲೇಖಕಿಯ ಕುಟುಂಬ ಮುಂಗಡದ ಮಾತೆತ್ತುವ ಮೊದಲೇ ಎರಡನ್ನೂ ಪರೀಕ್ಷಿಸಬೇಕೆಂದು ಕೇಳಿತು. ಮಾರುವ ಹಿರಿಯರು ಸಜ್ಜನರು. ಒಪ್ಪಿದರು, ಜತೆಗೆ ಅಭಿಮಾನದಿಂದಲೇ ಹೇಳಿದರು: ‘ಇಪ್ಪತ್ತು ವರ್ಷ ಆಯ್ತು ಮಾರಾಯ್ರೆ, ಬಾವಿ ಒಮ್ಮೆಯೂ ಬತ್ಲಿಲ್ಲ, ಗುಂಡಿ ಒಮ್ಮೆಯೂ ತುಂಬ್ಲಿಲ್ಲ.’

ಬಾವಿ ಬತ್ತದಿದ್ದುದು ಸಂತೋಷದ ಸಂಗತಿ. ಗುಂಡಿ ತುಂಬದಿದ್ದುದೇ ಚಿಂತೆಗೆ ಕಾರಣ. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ನೀರು ಸೋರದ ತಳ ಮತ್ತು ಗೋಡೆ ಇರುತ್ತವೆ. ಗಟ್ಟಿ ಅಂಶ ತಳದಲ್ಲಿ ಕೂರುತ್ತದೆ, ತಿಳಿ ಮಾತ್ರ ಹೊರಗಿನ ಇಂಗುಗುಂಡಿಗೆ ಹೋಗುತ್ತದೆ. ಹೂಳು ಶೇಖರವಾಗುತ್ತಲೇ ಇರುವುದರಿಂದ ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಇಪ್ಪತ್ತು ವರ್ಷ ತುಂಬಲಿಲ್ಲವೆಂದರೆ ಅದಕ್ಕೆ ತಳವೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಒಳಗೆ ಬಿದ್ದದ್ದು ನೇರ ಮಣ್ಣಿಗೆ ಇಳಿಯುತ್ತಿರುತ್ತದೆ. ಕರಾವಳಿಯ ಮುರಕಲ್ಲಿನ ತುಂಬ ರಂಧ್ರಗಳು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಗುಂಡಿಯ ತಳವನ್ನು ಮುಟ್ಟಿದರೆ, ಅಲ್ಲಿಂದ ಬಾವಿಗೆ ದಾರಿ ಬಲು ಹತ್ತಿರ.

ಭಾರತೀಯ ಮಾನಕ ಬ್ಯೂರೋದ ನಿಯಮದಂತೆ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಮನೆಯಿಂದ 6 ಮೀಟರ್ ದೂರವಿರಬೇಕು. ಇದನ್ನು ಸೆಂಟ್ಸ್ ಲೆಕ್ಕಕ್ಕೆ ತಂದು ನೋಡಬೇಕು. ಹತ್ತು ಸೆಂಟ್ಸ್‌ನ ಚೌಕ ಜಾಗದ ಒಂದು ಬದಿ ಸುಮಾರು 20 ಮೀಟರ್. ಬಾವಿ ಒಂದು ಮೂಲೆಯಲ್ಲಿದ್ದರೆ ಗುಂಡಿ ಇನ್ನೊಂದು ಮೂಲೆಗೆ ಹೋಗಲೇಬೇಕು. ಐದು ಸೆಂಟ್ಸ್‌ನಲ್ಲಿ ಬದಿ ಬರೀ 14 ಮೀಟರ್. ಎದುರುಬದುರು ಮೂಲೆಗಳ ನಡುವೆಯೂ ಸಿಗುವುದು 20 ಮೀಟರ್, ಮನೆ ನಿಲ್ಲುವುದು ಅದರ ಮಧ್ಯದಲ್ಲೇ. ಅಂಥ ಸೈಟುಗಳ ಸಾಲಿನಲ್ಲಿ ನೆರೆಮನೆಯ ಗುಂಡಿ ನಮ್ಮದಕ್ಕಿಂತಲೂ ನಮ್ಮ ಬಾವಿಗೆ ಹತ್ತಿರವಿರುವುದುಂಟು. ಅಳತೆಯ ಟೇಪು ಕಂಪೌಂಡಿನಾಚೆಗೂ ಹೋಗಬೇಕು. ಉಡುಪಿಯ ಆ ಮನೆಯಲ್ಲಿ ನೆರೆಯವರದು ದೂರವಿತ್ತು, ಸ್ವಂತ ಗುಂಡಿ ಮಾತ್ರ ಬಾವಿಯಿಂದ 9 ಮೀಟರಿನಲ್ಲಿತ್ತು.

ನೀರಿನ ಪ್ರಮಾಣ ನೋಡಲು ಏಪ್ರಿಲ್-ಮೇ, ಗುಣ ನೋಡಲು ಮಳೆ ಹಿಡಿದ ಮೇಲಿನ ದಿನಗಳು ಸೂಕ್ತ. ಬೇಸಿಗೆಯಲ್ಲಿ ಪಂಪು ಹಚ್ಚಿ ಮಟ್ಟ ಇಳಿಸಿ, ಮತ್ತೆ ಏರಲು ಎಷ್ಟು ಹೊತ್ತು ಬೇಕೆಂದು ಹಗ್ಗದಲ್ಲಿ ಗುರುತು ಹಾಕಿ ನೋಡಿದರೆ ಒರತೆಯ ಬಲ ತಿಳಿಯುತ್ತದೆ. ಗುಣದ ಪರೀಕ್ಷೆ ಪ್ರಯೋಗಾಲಯದ್ದೇ ಆಗಬೇಕು, ಅವರು ಕೊಡುವ ಶುದ್ಧ ಬಾಟಲಿಯಲ್ಲೇ ನೀರು ತುಂಬಿ, ತಂಪಾಗಿಟ್ಟು, ಅದೇ ದಿನ ತಲುಪಿಸಬೇಕು. ಕುಡಿಯುವ ನೀರಿನ ಮಾನಕದ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸ್ವಲ್ಪವೂ ಕಾಣಬಾರದು. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಬಾರದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಕೋಲಾರ, ಪಾವಗಡದ ಕಡೆ ಕೊಳವೆಬಾವಿಯಿರುವ ಮನೆ ಕೊಳ್ಳುವವರು ಫ್ಲೋರೈಡನ್ನು ಮೊದಲು ನೋಡಲಿ. ಅದರ ಮಿತಿ 1.5 ಮಿ.ಗ್ರಾಂ, ಅದೂ ಕುದಿಸಿದರೆ ಹೋಗದು.

ಆ ಸಿಹಿನೀರಿನಲ್ಲಿ ಇ. ಕೋಲಿ ಇತ್ತು.

ಗುಂಡಿಯ ಪರೀಕ್ಷೆಗೆ ಸಕ್ಕಿಂಗ್ ವಾಹನ ತರಿಸಿ ಖಾಲಿ ಮಾಡಿಸಲಾಯಿತು. ಮುಚ್ಚಳ ತೆಗೆದು ಮೇಲಿನಿಂದಲೇ ಟಾರ್ಚ್ ಬಿಟ್ಟಾಗ ಕಂಡದ್ದು ಸಿಮೆಂಟ್ ರಿಂಗುಗಳು, ತಳದಲ್ಲಿ ಬರೀ ಮಣ್ಣು. ಇಂಥ ಹೊತ್ತಿನಲ್ಲಿ ‘ಒಬ್ಬ ಇಳಿದು ನೋಡಿ ಬರಲಿ’ ಎನ್ನುವವರು ಈಗಲೂ ಇದ್ದಾರೆ. ದಯವಿಟ್ಟು ಯಾರನ್ನೂ ಇಳಿಸಬೇಡಿ. ಒಳಗಿನ ವಿಷಾನಿಲ ಕೆಲವೇ ಉಸಿರಿಗೆ ಪ್ರಾಣ ತೆಗೆಯಬಲ್ಲದು. ರಕ್ಷಣೆಯಿಲ್ಲದೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೆಲಸಕ್ಕೆ ಕರೆದ ಮನೆಯವರಿಗೂ ಇದು ಅನ್ವಯಿಸುತ್ತದೆ.

ಪ್ರಯೋಗಾಲಯ, ವಾಹನ, ಮೇಸ್ತ್ರಿಯ ಕೂಲಿ ಎಲ್ಲ ಸೇರಿ ಖರ್ಚು ಹತ್ತು ಸಾವಿರ ದಾಟಲಿಲ್ಲ. ಹಳೆಯ ಗುಂಡಿ ಮುಚ್ಚಿ, ದೂರದ ಮೂಲೆಯಲ್ಲಿ ಎರಡು ಕೋಣೆಯ ಟ್ಯಾಂಕು, ಇಂಗುಗುಂಡಿ ಕಟ್ಟಲು ಮೇಸ್ತ್ರಿ ಹಾಕಿದ ಅಂದಾಜು 1,60,000 ರೂಪಾಯಿ. ವರದಿಯನ್ನೂ ಅಂದಾಜನ್ನೂ ಮುಂದಿಟ್ಟಾಗ ಹಿರಿಯರು ಬೇಸರಿಸಲಿಲ್ಲ. ತಾವೂ ಅದೇ ನೀರು ಕುಡಿಯುತ್ತಿದ್ದೇವಲ್ಲ ಎಂದು ಗಾಬರಿಯಾದರು. ಬೆಲೆಯಲ್ಲಿ 1,20,000 ಇಳಿಸಿದರು. ಹೊಸ ಟ್ಯಾಂಕು ಬಂದ ಮೇಲೆ ಬಾವಿಯ ಹೂಳು ತೆಗೆಸಿ, ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿ ಹಾಕಲಾಯಿತು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 24 ಗ್ರಾಂ ಸಾಕು. ಮುಂದಿನ ಮಳೆಗಾಲದ ವರದಿಯಲ್ಲಿ ಇ. ಕೋಲಿ ಇರಲಿಲ್ಲ.

ಎಲ್ಲ ಮಾರಾಟಗಾರರೂ ಹೀಗಿರುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷ ತನಗೆ ತಿಳಿದಿದ್ದರೆ ಮಾರುವವರು ಹೇಳಬೇಕು. ನೋಡಿದ್ದರೆ ಕಾಣುತ್ತಿದ್ದ ದೋಷಕ್ಕೆ ಆ ರಕ್ಷಣೆ ಸಿಗುವುದು ಕಷ್ಟ. ಆದ್ದರಿಂದ ಈ ಬೇಸಿಗೆಯಲ್ಲಿ ಮುಂಗಡ ಕೊಡಲಿರುವವರು ಕರಾರುಪತ್ರದಲ್ಲಿ ಒಂದು ಷರತ್ತು ಬರೆಸಿಕೊಳ್ಳಿ: ಮಳೆ ಬಂದ ಮೇಲಿನ ನೀರಿನ ವರದಿ ಮತ್ತು ಟ್ಯಾಂಕಿನ ತಪಾಸಣೆ ಸರಿಬಂದರೆ ಮಾತ್ರ ನೋಂದಣಿ, ಇಲ್ಲವಾದರೆ ದುರಸ್ತಿಯ ವೆಚ್ಚ ಬೆಲೆಯಲ್ಲಿ ಕಡಿತ, ಅದೂ ಆಗದಿದ್ದರೆ ಮುಂಗಡ ವಾಪಸ್.