ಸಾತಪುರದ ಹಿತ್ತಲಲ್ಲಿ ಬಿತ್ತನೆಯ ಸಕಾಲ

ಹಸಿರು ಸೊಪ್ಪು ಕಣ್ಣಿಗೂ ರಕ್ತಕ್ಕೂ ಹಿತವೆಂಬುದು ಸರ್ವವಿದಿತ. ಅದರಲ್ಲಿರುವ ಕೆರೋಟಿನ್ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಟ್ಟು ಇರುಳುಗುರುಡನ್ನು ತಡೆಯುತ್ತದೆ. ಅದರ ಫೋಲಿಕ್ ಆಮ್ಲ ರಕ್ತೋತ್ಪತ್ತಿಗೆ ಅವಶ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪನ್ನು ಸೂಚಿಸಿದೆ. ಆದರೆ ಬೇಸಿಗೆಯಲ್ಲಿ ಸೊಪ್ಪು ತುಟ್ಟಿಯಾದಾಗ ದುಡಿಯುವ ಸಂಸಾರದ ಊಟದಿಂದ ಮೊದಲು ಮರೆಯಾಗುವುದು ಅದೇ. ಹಿತ್ತಲಲ್ಲಿ ನಾಲ್ಕಾರು ಕುಂಡಗಳಿದ್ದರೂ ಈ ಕೊರತೆ ತಕ್ಕಮಟ್ಟಿಗೆ ನೀಗುವುದು. ಬಿತ್ತುವ ವೇಳೆಯನ್ನು ಮಾತ್ರ ಅರಿತಿರಬೇಕು.

ನಾಸಿಕದ ಕೈಗಾರಿಕಾ ಬಡಾವಣೆಯಾದ ಸಾತಪುರ ಮರುಭೂಮಿಯೇನಲ್ಲ. ಗೋದಾವರಿಯ ಗಂಗಾಪುರ ಅಣೆಕಟ್ಟು ಅದಕ್ಕೆ ಸಮೀಪದಲ್ಲಿದೆ. ಆದರೂ ಸಹ್ಯಾದ್ರಿಯ ಮೇಲಿನ ಇಗತಪುರಿಯಲ್ಲಿ ಧಾರಾಕಾರವಾಗಿ ಸುರಿಯುವ ಮಳೆ ಪೂರ್ವಕ್ಕೆ ಸರಿದಂತೆ ಬಹಳ ಕುಗ್ಗುತ್ತದೆ. ಬೀಳುವುದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಮಾನ 40 ಡಿಗ್ರಿ ಮುಟ್ಟಿದರೆ, ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ 10 ಡಿಗ್ರಿಗಿಂತಲೂ ಇಳಿಯುವುದುಂಟು. ಆದುದರಿಂದ ಮರುಭೂಮಿಯ ತೋಟಗಾರಿಕೆಯ ಮೂಲಪಾಠ ಇಲ್ಲಿಗೂ ಸಲ್ಲುತ್ತದೆ. ದುಬೈಯಂತಹ ಊರಿನಲ್ಲಿ ತರಕಾರಿಯ ವರ್ಷ ಆರಂಭವಾಗುವುದು ಬಿಸಿಲು ತಗ್ಗುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ನೀರನ್ನು ನಲ್ಲಿಯಿಂದ ತರಬಹುದು, ತಂಪನ್ನು ತರಲಾಗದು.

ನಾಡಿನಿಂದ ಬಂದ ಕನ್ನಡಿಗರು ಮಳೆನಕ್ಷತ್ರಗಳ ಲೆಕ್ಕವನ್ನು ಬಲ್ಲರು. ಅದು ಮಳೆಯಾಶ್ರಿತ ಹೊಲದ ಲೆಕ್ಕ. ನೀರು ಹನಿಸಿ ಬೆಳೆಸುವ ಕುಂಡಕ್ಕೆ ಉಷ್ಣದ ಲೆಕ್ಕವೂ ಬೇಕು. ಮಣ್ಣು 30 ಡಿಗ್ರಿಗಿಂತ ಬಿಸಿಯಾದರೆ ಕೊತ್ತಂಬರಿ ಬೀಜ ಸರಿಯಾಗಿ ಮೊಳೆಯದು. ಮೊಳೆತರೂ ಎಲೆ ತುಂಬುವ ಮೊದಲೇ ಹೂವಿಗೆ ಬರುವುದು. ರಾತ್ರಿಯ ಸೆಕೆ ಹೆಚ್ಚಿದಾಗ ಟೊಮೇಟೊ ಹೂಗಳು ಉದುರುತ್ತವೆ. ಚಳಿ ಅತಿಯಾದರೂ ಕಾಯಿ ಕಟ್ಟುವುದು ಕಡಿಮೆ. ತಂಪಾದ ಬೆಂಗಳೂರಿನಲ್ಲಿ ಮಾರ್ಚಿಯಲ್ಲಿ ಬಿತ್ತಿ ಗೆದ್ದವರು ಇಲ್ಲಿ ಸೋಲುವುದು ಈ ಕಾರಣದಿಂದಲೇ.

ಹೀಗಾಗಿ ಬೆಳೆಗೆ ಹಿತವಾದ ಹವೆ ಯಾವಾಗ ಬರುವುದೆಂದು ನೋಡಿಕೊಂಡು ಅಲ್ಲಿಂದ ಹಿಂದಕ್ಕೆ ದಿನಗಳನ್ನು ಎಣಿಸಬೇಕು. ಟೊಮೇಟೊ ಅಕ್ಟೋಬರಿನಲ್ಲಿ ಹೂ ಬಿಡಬೇಕಾದರೆ ಆಗಸ್ಟ್ ಮೊದಲ ಪಕ್ಷದಲ್ಲಿ, ಅಂದರೆ ಆಶ್ಲೇಷಾ ಮಳೆಯಲ್ಲಿ, ಬೀಜ ಹಾಕಿ ನಾಲ್ಕು ವಾರದ ಸಸಿಯನ್ನು ನಾಟಿ ಮಾಡಬೇಕು. ಕೊತ್ತಂಬರಿ, ಮೆಂತ್ಯ, ಪಾಲಕ್‌ಗಳನ್ನು ಚಿತ್ತಾ ಮಳೆಯಿಂದ, ಅಂದರೆ ಅಕ್ಟೋಬರ್ ಮಧ್ಯದಿಂದ, ಜನವರಿ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತಿದರೆ ಮಾರ್ಚ್ ಆರಂಭದವರೆಗೆ ಸೊಪ್ಪು ತಪ್ಪದು. ಚಳಿ ಹಿಮ್ಮೆಟ್ಟುವ ಫೆಬ್ರವರಿಯಲ್ಲಿ ಬೆಂಡೆ ಮತ್ತು ಗೋರಿಕಾಯಿಯ ಸರದಿ.

ಹಾಗಾದರೆ ಕಡುಬೇಸಿಗೆಗೆ ಗತಿಯೇನು? ಬಿಸಿಲನ್ನು ಸಹಿಸುವ ಸೊಪ್ಪನ್ನೇ ಆರಿಸಬೇಕು. ಕರಾವಳಿಯವರು ಹರಿವೆಯೆಂದೂ ಮೈಸೂರಿನವರು ದಂಟೆಂದೂ ಧಾರವಾಡದವರು ರಾಜಗಿರಿಯೆಂದೂ ಕರೆಯುವ ಸೊಪ್ಪು ಸೆಕೆಯಲ್ಲಿಯೂ ಸುಮಾರು ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಬಸಳೆಯೂ ನುಗ್ಗೆಯೂ ಇದೇ ಗುಣದವು. ಬುಡಕ್ಕೆ ಒಣಹುಲ್ಲು ಹೊದಿಸಿ ಮುಂಜಾನೆ ನೀರೆರೆದರೆ ತೇವ ಉಳಿಯುತ್ತದೆ.

ಕಾರ್ಖಾನೆಗಳ ನೆರೆಯಲ್ಲಿ ವಾಸಿಸುವವರು ಇನ್ನೊಂದು ಮಾತನ್ನು ಮರೆಯಬಾರದು. ನೀರು ಎಷ್ಟೇ ದುರ್ಲಭವಾದರೂ ಕೈಗಾರಿಕಾ ಚರಂಡಿಯ ನೀರನ್ನು ತರಕಾರಿಗೆ ಹಾಯಿಸಕೂಡದು. ಅದರಲ್ಲಿರಬಹುದಾದ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳು ಎಲೆಗಳಲ್ಲಿ ಸೇರಿಕೊಳ್ಳುತ್ತವೆ. ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಅಕ್ಕಿ, ಕಾಯಿಪಲ್ಯ ತೊಳೆದ ನೀರು ನಾಲ್ಕಾರು ಕುಂಡಗಳಿಗೆ ಬಹುಮಟ್ಟಿಗೆ ಸಾಕು.

ಬೆಳೆದ ಸೊಪ್ಪಿಗೆ ಒಂದಿಷ್ಟು ಎಣ್ಣೆಯ ಒಗ್ಗರಣೆಯಿದ್ದರೆ ಕೆರೋಟಿನ್ ಚೆನ್ನಾಗಿ ಹೀರಲ್ಪಡುತ್ತದೆ. ನಿಂಬೆರಸ ಹಿಂಡಿದರೆ ಕಬ್ಬಿಣವೂ ಹೆಚ್ಚು ದಕ್ಕುತ್ತದೆ. ಕಾಲವರಿತು ಬಿತ್ತಿದ ಹಿಡಿ ಬೀಜದಿಂದ ಮನೆಮಂದಿಗೆ, ವಿಶೇಷವಾಗಿ ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ, ಬೇಸಿಗೆಯಲ್ಲಿಯೂ ಪುಷ್ಟಿ ದೊರಕೀತು.